ಡಿಕ್ರಿ ಬಂತು, ಎದುರಿನವರು ಅಪೀಲು ಹಾಕಿದರು: ಹುರುಳಿಲ್ಲದ ಮೇಲ್ಮನವಿ ವಜಾ ಆಗುವವರೆಗೆ ಏನೇನು ಮಾಡಬೇಕು

“ವಕೀಲ್ ಸಾಹೇಬ್ರ, ಕೇಸ್ ಗೆದ್ದೇವಂತೀರಿ, ಅವ್ರು ಅಪೀಲ್ ಹೋಗ್ಯಾರಂತ. ಅಂದ್ರ ನಮ್ಮ ರೊಕ್ಕ ಮತ್ತ ಹತ್ತು ವರ್ಷ ನಿಂತಂಗೇನ್ರಿ?” ಕಲಬುರಗಿಯ ಕೋರ್ಟಿನ ಆವರಣದಲ್ಲಿ ದಿನಾ ಕಿವಿಗೆ ಬೀಳುವ ಪ್ರಶ್ನೆ ಇದು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆಯೇ ಇದೆಯಲ್ಲ. ಆದರೆ ಗೆದ್ದವನು ಸೋಲುವುದು ಬಹಳ ಸಲ ಅಪೀಲಿನಿಂದ ಅಲ್ಲ. ಅಪೀಲು ಬಂತೆಂದು ಕೈಕಟ್ಟಿ ಕುಳಿತದ್ದರಿಂದ.

ಈ ಲೇಖನ ಮುಖ್ಯವಾಗಿ ಕರಾರಿನ ಹಣದ ದಾವೆ ಗೆದ್ದವರಿಗೆ. ಮಾಲು ಕೊಟ್ಟು ಹಣ ಬಾರದವರು, ಗುತ್ತಿಗೆ ಕೆಲಸ ಮುಗಿಸಿ ಬಿಲ್ಲಿಗಾಗಿ ಅಲೆದವರು, ಇಸಾರದ ಹಣ ವಾಪಸ್ ಕೇಳಿದವರು. ಸೋತವರಿಗೂ ನಡುವೆ ಒಂದು ಭಾಗ ಇದೆ. ಅವರು ಅದನ್ನು ಅಪೀಲು ಹಾಕುವ ಮೊದಲೇ ಓದಿದರೆ ಒಳ್ಳೆಯದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಆಳಂದ ತಾಲ್ಲೂಕಿನ ಬೆಳೆಗಾರರೊಬ್ಬರು ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲಿಗೆ ತೊಗರಿ ಕೊಟ್ಟರು. ಬಾಕಿ ಉಳಿದದ್ದು 2,60,000 ರೂಪಾಯಿ. ಮಿಲ್ಲಿನವರ ವಾದ ಮೂರು: ಮಾಲು ತೇವ ಇತ್ತು, ಕಾಟಾದಲ್ಲಿ ತೂಕ ಕಡಿಮೆ ಬಂತು, ಉಳಿದದ್ದನ್ನು ನಗದಾಗಿ ಕೊಟ್ಟಿದ್ದೇವೆ. ಕಾಟಾ ಚೀಟಿಯಲ್ಲಿ ಮಿಲ್ಲಿನ ಗುಮಾಸ್ತರ ಸಹಿ ಇದೆ, ನಗದು ಕೊಟ್ಟದ್ದಕ್ಕೆ ರಸೀದಿ ಇಲ್ಲ, ತೊಗರಿ ಬೇಳೆಯಾಗಿ ಮಾರಿಹೋಗಿದೆ. 1930ರ ಸರಕು ಮಾರಾಟ ಕಾಯ್ದೆಯ ಕಲಂ 42ರ ಪ್ರಕಾರ, ಮಾಲನ್ನು ತನ್ನದೆಂಬಂತೆ ಬಳಸಿಕೊಂಡವನು ಅದನ್ನು ಒಪ್ಪಿಕೊಂಡಂತೆಯೇ. ದಾವೆ ಡಿಕ್ರಿಯಾಯಿತು, ಅಂದರೆ ಬಾಕಿ ಕೊಡಬೇಕೆಂದು ಕೋರ್ಟು ಆದೇಶಿಸಿತು. ಮಿಲ್ಲಿನವರು ಅಪೀಲು ಹಾಕಿದರು.

ಇಂಥ ಅಪೀಲು ಯಾಕೆ ಹಾಕುತ್ತಾರೆ

ಲೆಕ್ಕ ಹಾಕಿ ನೋಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 34ರಡಿ ಡಿಕ್ರಿಯ ನಂತರದ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ 6 ಮೀರುವುದಿಲ್ಲ. 2,60,000ಕ್ಕೆ ವರ್ಷಕ್ಕೆ 15,600 ರೂಪಾಯಿ. ಅದೇ ಹಣವನ್ನು ಕೈಗಡ ತಂದರೆ, ತಿಂಗಳಿಗೆ ನೂರಕ್ಕೆ ಎರಡರ ಲೆಕ್ಕದಲ್ಲಿ ವರ್ಷಕ್ಕೆ 62,400. ಕೊಡಬೇಕಾದ ಹಣವನ್ನು ಕೊಡದೆ ವ್ಯಾಪಾರದಲ್ಲೇ ತಿರುಗಿಸಿದರೆ ವರ್ಷಕ್ಕೆ 46,800 ಉಳಿತಾಯ. ಹುರುಳಿಲ್ಲದ ಅಪೀಲು ಸೋತವನಿಗೆ ಸಿಗುವ ಅಗ್ಗದ ಸಾಲ, ಅಷ್ಟೇ. ಅವನಿಗೆ ಅಪೀಲು ಗೆಲ್ಲಬೇಕೆಂದೇನೂ ಇಲ್ಲ, ಅದು ನಡೆಯುತ್ತಿದ್ದರೆ ಸಾಕು.

ಇದು ಅರ್ಥವಾದರೆ ಮುಂದಿನ ಹೆಜ್ಜೆಗಳೆಲ್ಲ ಅರ್ಥವಾಗುತ್ತವೆ. ಅಪೀಲನ್ನು ಬೇಗ ವಜಾ ಮಾಡಿಸುವುದು ಅರ್ಧ ಕೆಲಸ. ಅದು ಬಾಕಿ ಇರುವಷ್ಟು ದಿನವೂ ಆ ಹಣ ಅವರ ಕೈಯಲ್ಲಿ ಇರದಂತೆ ಮಾಡುವುದು ಇನ್ನರ್ಧ, ನನ್ನ ಪ್ರಕಾರ ಹೆಚ್ಚು ಬೆಲೆಯ ಅರ್ಧ.

ಹೆಜ್ಜೆ 1: ತೀರ್ಪು ಬಂದ ವಾರದಲ್ಲೇ

ತೀರ್ಪು ಮತ್ತು ಡಿಕ್ರಿ ಎರಡರದೂ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಡಿಕ್ರಿಯಲ್ಲಿ ಅಸಲು, ಬಡ್ಡಿ ದರ, ಬಡ್ಡಿ ಯಾವ ದಿನದಿಂದ, ಖರ್ಚು ಎಷ್ಟು ಎಂಬುದನ್ನು ಬೆರಳಿಟ್ಟು ಓದಿ. ಅಂಕಿ ತಪ್ಪಾಗಿ ಅಚ್ಚಾಗಿದ್ದರೆ ಅದೇ ಸಂಹಿತೆಯ ಕಲಂ 152ರಡಿ ಈಗಲೇ ತಿದ್ದಿಸಿ. ಅಮಲ್ಜಾರಿಯ (ಡಿಕ್ರಿಯಂತೆ ಹಣ ವಸೂಲಿ ಮಾಡಿಸುವ ಕ್ರಮ) ಹೊತ್ತಿಗೆ ಇದೇ ತಕರಾರಿನ ಮೂಲವಾಗುತ್ತದೆ.

ಹಾಗೆಯೇ ಕಲಂ 148ಎ ಅಡಿ ಅಪೀಲು ಕೋರ್ಟಿನಲ್ಲಿ ಕೇವಿಯಟ್ ಹಾಕಿ. ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡಬೇಡಿ ಎನ್ನುವ ಮನವಿ ಅದು. ಅದರ ನಕಲನ್ನು ಎದುರಿನವರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ ರಸೀದಿ ಕಾದಿಡಿ. ಕೇವಿಯಟ್‌ನ ಆಯಸ್ಸು 90 ದಿನ ಮಾತ್ರ, ಬಹಳ ಜನ ಎಡವುವುದು ಇಲ್ಲೇ. ಹೈಕೋರ್ಟಿಗೆ ಹೋಗುವ ಅಪೀಲಿಗೂ 90 ದಿನ ಕಾಲಾವಕಾಶ, ಅದರ ಮೇಲೆ ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು ಎಣಿಸುತ್ತಾರೆ. ಅಂದರೆ ತೀರ್ಪಿನ ದಿನವೇ ಹಾಕಿದ ಕೇವಿಯಟ್, ಅಪೀಲು ಬರುವ ಹೊತ್ತಿಗೆ ಸತ್ತಿರಬಹುದು. ಅವಧಿ ಮುಗಿಯುವ ಮುನ್ನ ಹೊಸದು ಹಾಕಿ.

ಹೆಜ್ಜೆ 2: ಎಲ್ಲಿಗೆ ಹೋಗಿದ್ದಾರೆ, ಸಮಯಕ್ಕೆ ಹೋಗಿದ್ದಾರೆಯೇ

ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಲಯದ ಡಿಕ್ರಿಯಾದರೆ ಮೊದಲ ಅಪೀಲು ಸಾಮಾನ್ಯವಾಗಿ ಹಿರಿಯ ಶ್ರೇಣಿಯ ನ್ಯಾಯಾಲಯಕ್ಕೆ ಹೋಗುತ್ತದೆ. ಇದು ಆರ್.ಎ. (ರೆಗ್ಯುಲರ್ ಅಪೀಲ್) ಅಂತ ನೋಂದಣಿಯಾಗುತ್ತದೆ, ಅವಧಿ 30 ದಿನ. ಮೂಲ ಕೋರ್ಟು ಯಾವುದು ಎಂಬುದರ ಮೇಲೆ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗುವುದೂ ಉಂಟು. ಹೈಕೋರ್ಟಿನ ಮೊದಲ ಅಪೀಲು ಆರ್‌ಎಫ್‌ಎ, ಎರಡನೆಯದು ಆರ್‌ಎಸ್‌ಎ.

ನಮ್ಮ ಭಾಗದವರಿಗೆ ಹೈಕೋರ್ಟ್ ಎಂದರೆ ಕಲಬುರಗಿ ಪೀಠ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಇದರ ವ್ಯಾಪ್ತಿಗೆ ಬರುತ್ತವೆ. ಅದಕ್ಕೂ ಮುಂಚೆ ಬೀದರಿನವರು ಒಂದು ತಾರೀಖಿಗಾಗಿ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು. ಹುರುಳಿಲ್ಲದ ಅಪೀಲು ಹಾಕಿ ಎದುರಿನವರನ್ನು ದಣಿಸುವುದು ಆಗ ಇನ್ನೂ ಸುಲಭವಿತ್ತು. ಈಗ ಪ್ರಕರಣ ಸಂಖ್ಯೆ 200ರಿಂದ ಶುರುವಾಗುವ ಆರಂಕಿಯದಾಗಿದ್ದರೆ ಅದು ಕಲಬುರಗಿ ಪೀಠದ್ದು, 100ರಿಂದ ಶುರುವಾದರೆ ಧಾರವಾಡದ್ದು. ನೋಟಿಸು ಬರುವವರೆಗೆ ಕಾಯಬೇಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಕ್ಷಿದಾರರ ಹೆಸರು ಹಾಕಿ ವಾರಕ್ಕೊಮ್ಮೆ ನೋಡಿ, ಸಿಕ್ಕ ಸಿಎನ್‌ಆರ್ ಸಂಖ್ಯೆ (ಪ್ರಕರಣದ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.

ಅವಧಿ ಮೀರಿ ಬಂದಿದ್ದರೆ ಅಪೀಲಿನ ಜೊತೆಗೇ ವಿಳಂಬ ಮನ್ನಾ ಅರ್ಜಿ ಇರಬೇಕು (ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 3ಎ). ಅದು ತೀರ್ಮಾನವಾಗುವವರೆಗೆ ತಡೆಯಾಜ್ಞೆ ಸಿಗುವಂತಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಅರ್ಜಿಗೆ ಬರವಣಿಗೆಯಲ್ಲಿ ಆಕ್ಷೇಪಣೆ ಹಾಕಿ. ಕಾಯಿಲೆಯ ಚೀಟಿ ಯಾವ ತಾರೀಖಿನದು, ಆ ದಿನಗಳಲ್ಲಿ ಮಿಲ್ಲು ನಡೆಯುತ್ತಿತ್ತೇ, ಜಿಎಸ್‌ಟಿ ರಿಟರ್ನ್ ಸಲ್ಲಿಸಿದ್ದಾರೆಯೇ ಎಂಬುದನ್ನು ಹುಡುಕಿ ತೆಗೆಯಿರಿ. ಕರ್ನಾಟಕದಿಂದ ಹೋದ ಭೂಸ್ವಾಧೀನ ಪ್ರಕರಣವೊಂದರಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಐದೂವರೆ ವರ್ಷದ ವಿಳಂಬವನ್ನು ಮನ್ನಿಸಲು ನಿರಾಕರಿಸಿತು. ಹಾಗಂತ ಹತ್ತು ಹದಿನೈದು ದಿನದ ವಿಳಂಬಕ್ಕೆ ಜಗ್ಗಾಡುವುದು ವ್ಯರ್ಥ, ಅದನ್ನು ಕೋರ್ಟು ಮನ್ನಿಸುವುದೇ ಹೆಚ್ಚು. ನೀವು ಕಳೆದುಕೊಳ್ಳುವುದು ಮೂರು ತಾರೀಖು.

ಮೂರು ಲಕ್ಷ ಮತ್ತು ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯವಾಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯ. ಅಲ್ಲಿ ಅಪೀಲಿಗೆ 60 ದಿನ, ಮತ್ತು ಅಲ್ಪಸ್ವಲ್ಪ ವಿಳಂಬಕ್ಕಷ್ಟೇ, ಅದೂ ಅಪವಾದವಾಗಿ, ಕ್ಷಮೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೆಜ್ಜೆ 3: ಅಪೀಲು ಮೆಮೊ (ಅಪೀಲಿನ ಆಧಾರಗಳನ್ನು ಬರೆದ ಮನವಿ) ಓದುವ ಬಗೆ

ಮೊದಲ ಆಧಾರ ಬಹುತೇಕ ಎಲ್ಲ ಅಪೀಲಿನಲ್ಲೂ ಒಂದೇ: “ಅಧೀನ ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿ ಕಾನೂನಿಗೂ ಸಂಗತಿಗಳಿಗೂ ವಿರುದ್ಧವಾಗಿವೆ.” ಎರಡನೆಯದು, ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸಿಲ್ಲ ಎಂದು. ಇವೆರಡನ್ನು ಬದಿಗಿಟ್ಟು, ಉಳಿದ ಪ್ರತಿ ಆಧಾರದ ಮುಂದೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆಯಿರಿ: ಯಾವ ದಾಖಲೆ, ಯಾವ ಸಾಕ್ಷಿ, ಎಷ್ಟನೇ ಪುಟ?

ನಮ್ಮ ಉದಾಹರಣೆಯಲ್ಲಿ, ನಗದು ಸಂದಾಯವನ್ನು ಕೋರ್ಟು ಗಮನಿಸಿಲ್ಲ ಎಂಬ ಆಧಾರವಿದೆ ಎಂದುಕೊಳ್ಳಿ. ಪಾಟಿ ಸವಾಲಿನಲ್ಲಿ ಮಿಲ್ಲಿನ ಪಾಲುದಾರರು “ರಸೀದಿ ಪಡೆದಿಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆದಿಲ್ಲ” ಎಂದು ಒಪ್ಪಿದ್ದರೆ, ಆ ಒಂದು ಸಾಲಿಗೆ ಗುರುತು ಹಾಕಿ. ವಾದದ ದಿನ ನಿಮ್ಮ ವಕೀಲರ ಕೈಯಲ್ಲಿ ಎರಡು ಪುಟದ ಪಟ್ಟಿ ಇರಲಿ, ಎಡಕ್ಕೆ ಅಪೀಲಿನ ಆಧಾರ, ಬಲಕ್ಕೆ ಅದಕ್ಕೆ ಉತ್ತರ ಕೊಡುವ ದಾಖಲೆಯ ಗುರುತು. ಇಪ್ಪತ್ತು ತೀರ್ಪುಗಳ ಉಲ್ಲೇಖಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಯಾವ ಆಧಾರಕ್ಕಾದರೂ ಉತ್ತರ ಸಿಗದಿದ್ದರೆ ಅದನ್ನು ಮುಚ್ಚಿಡಬೇಡಿ. ಅಪೀಲಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ, ರಾಜಿಯ ಮಾತು ಅಲ್ಲಿಂದಲೇ ಶುರುವಾಗಲಿ.

ಹೆಜ್ಜೆ 4: ಹೊಸ್ತಿಲಲ್ಲೇ ವಜಾ ಆಗುತ್ತದೆಯೇ

ಆದೇಶ 41ರ ನಿಯಮ 11ರಡಿ, ಎದುರಿನವರಿಗೆ ನೋಟಿಸು ಕೊಡುವ ಮೊದಲೇ ಅಪೀಲುದಾರರ ವಾದ ಕೇಳಿ ಕೋರ್ಟು ವಜಾ ಮಾಡಬಹುದು. ಜಿಲ್ಲೆಯ ಕೋರ್ಟುಗಳು ಹಾಗೆ ಮಾಡಿದರೆ ಕಾರಣ ಬರೆದು ತೀರ್ಪು ಕೊಡಬೇಕು. ಕಾಗದದ ಮೇಲೆ ಇದು ಚೆನ್ನ. ಆದರೆ ಮೊದಲ ಅಪೀಲಿನಲ್ಲಿ ಇದನ್ನೇ ನಂಬಿ ಕೂಡಬೇಡಿ. ಮೊದಲ ಅಪೀಲು ಸಂಗತಿ, ಕಾನೂನು ಎರಡನ್ನೂ ಮತ್ತೆ ತೂಗಿ ನೋಡುವ ಹಕ್ಕು. 2020ರಲ್ಲಿ ಕರ್ನಾಟಕದ್ದೇ ಒಂದು ಕ್ರಯ ಕರಾರಿನ ಪ್ರಕರಣದಲ್ಲಿ, ಸಾಕ್ಷ್ಯವನ್ನು ಮರುಪರಿಶೀಲಿಸದೆ ಮೊದಲ ಅಪೀಲು ವಜಾ ಮಾಡಿದ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ ವಾಪಸ್ ಕಳಿಸಿತು. ಅವಸರದ ವಜಾ ಗೆದ್ದವನಿಗೇ ಮುಳುವಾಗಬಹುದು. ಹೀಗಾಗಿ ನೀವು ಕೇಳಬೇಕಾದ್ದು ಅವಸರದ ವಜಾ ಅಲ್ಲ. ನಿಯಮ 31ರಂತೆ ಅಂಶಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕಾರಣ ಬರೆದ, ಮೇಲೆ ಹೋದರೂ ನಿಲ್ಲುವ ವಜಾ.

ಹೆಜ್ಜೆ 5: ಹಣ ಕೋರ್ಟಿಗೆ ಬರಲಿ

ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಆದೇಶ 41ರ ನಿಯಮ 5 ಇದನ್ನು ಸ್ಪಷ್ಟ ಶಬ್ದಗಳಲ್ಲಿ ಹೇಳುತ್ತದೆ. ತಡೆಯಾಜ್ಞೆ ಬೇಕಿದ್ದರೆ ಬೇರೆ ಅರ್ಜಿ ಹಾಕಬೇಕು, ಭಾರಿ ನಷ್ಟವಾಗುತ್ತದೆಂದು ತೋರಿಸಬೇಕು, ತಡ ಮಾಡದೆ ಬಂದಿರಬೇಕು, ಭದ್ರತೆ (ಜಾಮೀನು) ಕೊಡಬೇಕು.

ಹಣದ ಡಿಕ್ರಿಗೆ ಇನ್ನೂ ಗಟ್ಟಿ ನಿಯಮವಿದೆ. ನಿಯಮ 1ರ ಉಪನಿಯಮ 3ರ ಪ್ರಕಾರ ಅಪೀಲುದಾರ, ಕೋರ್ಟು ಕೊಟ್ಟ ಅವಧಿಯೊಳಗೆ, ತಕರಾರಿನ ಮೊತ್ತವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ಇಡದಿದ್ದರೆ ನಿಯಮ 5ರ ಉಪನಿಯಮ 5ರ ಪ್ರಕಾರ ಕೋರ್ಟು ತಡೆಯಾಜ್ಞೆ ಕೊಡುವಂತಿಲ್ಲ. ಠೇವಣಿ ಇಡದ ಕಾರಣಕ್ಕೇ ಅಪೀಲು ವಜಾ ಆಗದು, ನಿಜ. ಆದರೆ ತಡೆಯಿಲ್ಲದ ಅಪೀಲಿನಿಂದ ಮಿಲ್ಲಿನವರಿಗೆ ಏನು ಲಾಭ?

ಕೇವಿಯಟ್ ಹಾಕಿದ್ದರೆ ತಡೆಯಾಜ್ಞೆ ಅರ್ಜಿಯ ದಿನವೇ ನಿಮ್ಮ ವಕೀಲರು ಇರುತ್ತಾರೆ. ಆಗ ಕೇಳಬೇಕಾದದ್ದು ಹೀಗೆ: ಪೂರ್ತಿ ಡಿಕ್ರಿ ಮೊತ್ತ ಬಡ್ಡಿಸಹಿತ ಠೇವಣಿಯಾಗಲಿ, ಇಂತಿಷ್ಟು ವಾರದೊಳಗೆ ಆಗಲಿ, ಆಗದಿದ್ದರೆ ತಡೆ ತಾನಾಗಿ ತೆರವಾಗಲಿ, ಮತ್ತು ಅರ್ಧದಷ್ಟನ್ನಾದರೂ ಭದ್ರತೆಯ ಮೇಲೆ ಹಿಂಪಡೆಯಲು ನಮಗೆ ಅನುಮತಿ ಸಿಗಲಿ. ಅವಧಿಯ ಷರತ್ತು ಆದೇಶದಲ್ಲಿ ಬರದಿದ್ದರೆ “ಇನ್ನು ಎರಡು ವಾರ ಕೊಡಿ ಸ್ವಾಮಿ” ಎಂಬ ರಾಗ ಮುಗಿಯುವುದೇ ಇಲ್ಲ. ಉಳಿದ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಲು ಆದೇಶ ಕೇಳಿ. ಇಲ್ಲದಿದ್ದರೆ ಬಡ್ಡಿಯಿಲ್ಲದೆ ಕೋರ್ಟಿನ ಖಾತೆಯಲ್ಲಿ ಬಿದ್ದಿರುತ್ತದೆ.

ಹಿಂಪಡೆದ ಹಣ ಅಪೀಲಿನಲ್ಲಿ ಸೋತರೆ ಕಲಂ 144ರಡಿ ವಾಪಸ್ ಕೊಡಬೇಕಾದೀತು ಎಂಬುದು ನೆನಪಿರಲಿ. ಮಗಳ ಮದುವೆಗೆ ಪೂರ್ತಿ ಖರ್ಚು ಮಾಡುವ ಮೊದಲು ವಕೀಲರನ್ನೊಮ್ಮೆ ಕೇಳಿ.

ಹೆಜ್ಜೆ 6: ಅಮಲ್ಜಾರಿ ಅರ್ಜಿ

ತಡೆಯಾಜ್ಞೆ ಇಲ್ಲವೇ? ಅದೇ ವಾರ ಅಮಲ್ಜಾರಿ ಹಾಕಿ. ಅಪೀಲು ಮುಗಿಯಲಿ ನೋಡೋಣ ಎನ್ನುವುದು ಸಭ್ಯತೆ ಇರಬಹುದು, ಕಾನೂನು ಅದನ್ನು ಕೇಳುವುದಿಲ್ಲ. ಡಿಕ್ರಿಯಾಗಿ ಎರಡು ವರ್ಷ ದಾಟಿದರೆ ಆದೇಶ 21ರ ನಿಯಮ 22ರಂತೆ ಮೊದಲು ನೋಟಿಸು ಕೊಡಬೇಕಾಗುತ್ತದೆ. ಸಾಲಗಾರನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಿಸಲು ನಿಯಮ 41, ಬೇರೆಯವರ ಬಳಿ ಇರುವ ಅವನ ಹಣವನ್ನು ಹಿಡಿಯಲು ನಿಯಮ 46ಎ. ಬ್ಯಾಂಕ್ ಖಾತೆ ಸಂಖ್ಯೆ ನಿಮ್ಮಲ್ಲೇ ಇರುತ್ತದೆ, ಅವರು ಮೊದಲ ಕಂತಿಗೆ ಕೊಟ್ಟ ಚೆಕ್ಕಿನ ಝೆರಾಕ್ಸ್ ಹುಡುಕಿ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಪ್ರತಿ ತಾರೀಖಿಗೂ ಅದನ್ನು ಕೋರ್ಟಿನ ಗಮನಕ್ಕೆ ತನ್ನಿ.

ಹೆಜ್ಜೆ 7: ನೀವೂ ಕೇಳಿ, ನೀವೂ ತಡೆಯಿರಿ

ವಿಚಾರಣಾ ಕೋರ್ಟು ನಿಮಗೆ ಬಡ್ಡಿ ಕಡಿಮೆ ಕೊಟ್ಟಿದ್ದರೆ, ಅಪೀಲಿನ ನೋಟಿಸು ಸಿಕ್ಕ ಒಂದು ತಿಂಗಳೊಳಗೆ ಪ್ರತಿ-ಆಕ್ಷೇಪಣೆ ಹಾಕಬಹುದು (ಆದೇಶ 41, ನಿಯಮ 22). ವಾಣಿಜ್ಯ ವಹಿವಾಟಿನ ಸಾಲವಾದರೆ ಕಲಂ 34 ಶೇ 6ಕ್ಕಿಂತ ಹೆಚ್ಚು ಕೊಡಲು ಅವಕಾಶ ಮಾಡಿದೆ, ಕರಾರಿನಲ್ಲಿ ದರ ಬರೆದಿದ್ದರೆ ಆ ದರದವರೆಗೆ, ಇಲ್ಲದಿದ್ದರೆ ರಾಷ್ಟ್ರೀಕೃತ ಬ್ಯಾಂಕಿನ ದರದವರೆಗೆ. ಎದುರಿನವರು ಅಪೀಲು ಹಿಂತೆಗೆದುಕೊಂಡರೂ ನಿಮ್ಮ ಪ್ರತಿ-ಆಕ್ಷೇಪಣೆ ಉಳಿಯುತ್ತದೆ. ಅಗ್ಗದ ಸಾಲದ ಲೆಕ್ಕ ತಲೆಕೆಳಗಾಗುವುದು ಇಲ್ಲಿ. ಅದಕ್ಕೇ ಈ ಅಸ್ತ್ರವನ್ನು ನಮ್ಮ ಕಡೆ ಇಷ್ಟು ಕಡಿಮೆ ಬಳಸುವುದು ನನಗೆ ಸೋಜಿಗ.

ವಾದಕ್ಕೆ ನಿಗದಿಯಾದ ದಿನ ಹಠಾತ್ತನೆ ಹೊಸ ದಾಖಲೆ ಹಾಜರುಪಡಿಸಲು ಅದೇ ಆದೇಶದ ನಿಯಮ 27ರ ಅರ್ಜಿ ಬಂದೀತು. ಮೊದಲೇ ಕೈಯಲ್ಲಿದ್ದ ದಾಖಲೆಗೆ ಅಲ್ಲಿ ಜಾಗವಿಲ್ಲ. ವಿಚಾರಣಾ ಕೋರ್ಟು ತಪ್ಪಾಗಿ ತಿರಸ್ಕರಿಸಿರಬೇಕು, ತಕ್ಕ ಪ್ರಯತ್ನ ಮಾಡಿಯೂ ಸಿಕ್ಕಿರಬಾರದು, ಇಲ್ಲವೇ ತೀರ್ಪು ಕೊಡಲು ಕೋರ್ಟಿಗೇ ಅದು ಬೇಕೆನಿಸಬೇಕು. ಈ ಅರ್ಜಿಯನ್ನು ಅಂತಿಮ ವಾದದ ಜೊತೆಗೇ ಕೇಳಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಇದಕ್ಕಾಗಿ ಬೇರೆ ತಾರೀಖು ಕೊಡಲು ಒಪ್ಪಬೇಡಿ.

ಖರ್ಚಿನ ವಿಷಯ. ಸುಳ್ಳು ದಾವೆಗೆ ಪರಿಹಾರ ಕೊಡಿಸುವ ಕಲಂ 35ಎ ಅಪೀಲಿಗೆ ಅನ್ವಯಿಸುವುದೇ ಇಲ್ಲ. ದಾವೆಗಳಲ್ಲೂ ಅದರ ಮಿತಿ 3,000 ರೂಪಾಯಿ, ಇಂದಿನ ದಿನಕ್ಕೆ ಅದು ನಗೆಪಾಟಲು. ಅಪೀಲಿನಲ್ಲಿ ಕೇಳಬೇಕಾದ್ದು ಕಲಂ 35ರ ಖರ್ಚು. ವಕೀಲರ ಶುಲ್ಕದ ರಸೀದಿ, ನಕಲಿನ ಖರ್ಚು, ಪ್ರಯಾಣದ ಟಿಕೆಟು ಜೋಡಿಸಿ ಮೆಮೊ ಕೊಡಿ. ಕೇಳದವರಿಗೆ “ಖರ್ಚಿನ ಬಗ್ಗೆ ಆದೇಶವಿಲ್ಲ” ಎಂಬ ಸಾಲೇ ಸಿಗುವುದು. ವಾಣಿಜ್ಯ ವ್ಯಾಜ್ಯಗಳಲ್ಲಿ ಮಾತ್ರ ಸೋತವನೇ ಖರ್ಚು ಕೊಡಬೇಕೆಂಬುದು ಸಾಮಾನ್ಯ ನಿಯಮ, ಪೊಳ್ಳು ವಾದದಿಂದ ಕೋರ್ಟಿನ ಸಮಯ ಹಾಳುಮಾಡಿದ್ದನ್ನೂ ಅಲ್ಲಿ ಎಣಿಸುತ್ತಾರೆ.

ಎರಡನೇ ಅಪೀಲು

ಮೊದಲ ಅಪೀಲು ವಜಾ ಆದಮೇಲೆ ದಾರಿ ಕಿರಿದಾಗುತ್ತದೆ. ಹಣ ವಸೂಲಿಯ ಮೊತ್ತ 25,000 ಮೀರದಿದ್ದರೆ ಕಲಂ 102ರಂತೆ ಎರಡನೇ ಅಪೀಲೇ ಇಲ್ಲ. ಮೀರಿದರೂ ಕಲಂ 100ರಂತೆ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು. ತೂಕ ಕಡಿಮೆ ಬಂತೋ ಇಲ್ಲವೋ, ಸಹಿ ಯಾರದು, ನಗದು ಕೊಟ್ಟರೋ ಇಲ್ಲವೋ ಎಂಬುವೆಲ್ಲ ಸಂಗತಿಗಳು. ಎರಡು ಕೋರ್ಟುಗಳು ಒಂದೇ ಮಾತು ಹೇಳಿದ ಮೇಲೆ ಹೈಕೋರ್ಟ್ ಅವನ್ನು ಮತ್ತೆ ಕೆದಕುವುದು ಅಪರೂಪ. ಹೊಸ್ತಿಲಲ್ಲೇ ವಜಾ ಆಗುವುದು ಹೆಚ್ಚಾಗಿ ಈ ಹಂತದಲ್ಲಿ.

ರಾಘವೇಂದ್ರ ಸ್ವಾಮಿ ಮಠ ಮತ್ತು ಉತ್ತರಾದಿ ಮಠದ ನಡುವಿನ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ತುಂಬ ಉಪಯೋಗದ್ದು. ಮಹತ್ವದ ಕಾನೂನು ಪ್ರಶ್ನೆ ರೂಪಿಸದೆ ಎರಡನೇ ಅಪೀಲಿನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಡುವಂತಿಲ್ಲ. ಕಲಬುರಗಿ ಪೀಠದಲ್ಲಿ ಕೇವಿಯಟ್ ಹಾಕಿರುವ ನಿಮ್ಮ ವಕೀಲರ ಕಡತದಲ್ಲಿ ಆ ತೀರ್ಪಿನ ಪ್ರತಿ ಇರಲಿ.

ಸೋತವರಿಗೆ ನಾಲ್ಕು ಮಾತು

ಅಪೀಲು ಹಾಕುವ ಮೊದಲು ನಿಮ್ಮ ವಕೀಲರನ್ನು ಒಂದೇ ಪ್ರಶ್ನೆ ಕೇಳಿ: “ಸಾಹೇಬ್ರ, ತೀರ್ಪಿನ ಯಾವ ಪ್ಯಾರಾದಾಗ ತಪ್ಪದ, ತೋರಸ್ರಿ.” ಬೆರಳು ಇಟ್ಟು ತೋರಿಸಿದರೆ ಧೈರ್ಯವಾಗಿ ಹೋಗಿ. “ಹಾಕಿ ಇಡೋಣ, ನೋಡೋಣ” ಎಂದರೆ ಮನೆಗೆ ಹೋಗಿ ಲೆಕ್ಕ ಹಾಕಿ. ಕೋರ್ಟ್ ಶುಲ್ಕ ಅಪೀಲಿಗೂ ಮೊತ್ತದ ಮೇಲೆಯೇ, ಠೇವಣಿ ಬೇರೆ, ಬಡ್ಡಿ ಓಡುತ್ತಿರುತ್ತದೆ. ಒಮ್ಮೆಲೇ ಕೊಡಲಾಗದಿದ್ದರೆ ಡಿಕ್ರಿಯಾದ 30 ದಿನದೊಳಗೆ, ಎದುರಿನವರ ಒಪ್ಪಿಗೆಯಿಂದ, ಕಂತು ಕೇಳುವ ಅವಕಾಶ ಆದೇಶ 20ರ ನಿಯಮ 11ರಲ್ಲಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ, ಅಲ್ಲಿನ ಐತೀರ್ಪಿನ ಮೇಲೆ ಅಪೀಲು ಇಲ್ಲ.

ವಜಾ ಆದ ದಿನ

ಆದೇಶದಲ್ಲಿ ಯಾವ ರೀತಿಯ ವಜಾ ಎಂದು ನೋಡಿ. ಅಪೀಲುದಾರ ಹಾಜರಾಗದೆ ವಜಾ ಆಗಿದ್ದರೆ (ಆದೇಶ 41, ನಿಯಮ 17) ಅದು ಗುಣಾವಗುಣದ ಮೇಲಿನ ತೀರ್ಪಲ್ಲ. 30 ದಿನದೊಳಗೆ ಮರುದಾಖಲಿಗೆ ಅರ್ಜಿ ಬರಬಹುದು, ಅದಕ್ಕೂ ಕಣ್ಣಿಟ್ಟಿರಿ. ಗುಣಾವಗುಣದ ಮೇಲೆ ವಜಾ ಆಗಿದ್ದರೆ ನಕಲು ಪಡೆದು, ಠೇವಣಿ ಹಣ ಬಿಡುಗಡೆಗೆ ಅರ್ಜಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್ ಪ್ರತಿ ಜೋಡಿಸಿ ಕೊಡಿ. ಠೇವಣಿಗಿಂತ ಡಿಕ್ರಿ ಬಾಕಿ ಹೆಚ್ಚಿದ್ದರೆ ಇವತ್ತಿನವರೆಗಿನ ಬಡ್ಡಿಯ ಲೆಕ್ಕಪಟ್ಟಿ ತಯಾರಿಸಿ ಅಮಲ್ಜಾರಿ ಮುಂದುವರಿಸಿ. ಮಿಲ್ಲಿನವರು “ದಿಲ್ಲಿಗೆ ಹೋಗತೀವಿ” ಎಂದು ಹೇಳಿದರೆ ಹೇಳಲಿ. ತಡೆಯಾಜ್ಞೆಯ ಪ್ರತಿ ಅಮಲ್ಜಾರಿ ಕೋರ್ಟಿಗೆ ಬರುವವರೆಗೆ ಬಾಯಿಮಾತಿಗೆ ತಾರೀಖು ಮುಂದೂಡಲು ಒಪ್ಪಬೇಡಿ, ಜಪ್ತಿ ವಾರಂಟಿನ ಪ್ರೊಸೆಸ್ ಫೀ (ವಾರಂಟು ಜಾರಿಯ ಶುಲ್ಕ) ಅದೇ ದಿನ ಕಟ್ಟಿಬಿಡಿ.